ಕಾರ್ಟೂನ್ ಅನಿಮೇಷನ್, ನಗೆ ಸ್ಟ್ರಿಪ್ ಕಲಿಸೋ ಪುಸ್ತಕ: ಹಾಸನದ ಕಪಾಟಿಗೆ ಯಾವುದು ತರಿಸೋದು?

ಹೇಮಾವತಿ ದಂಡೆ (ಹಾಸನ)

ಬೇಸಿಗೆ ಶಿಬಿರಕ್ಕೆ ಒಂದು ಸಣ್ಣ ಕಪಾಟು ತುಂಬಿಸಬೇಕಿದೆ. 12ರಿಂದ 18ರ ವಯಸ್ಸಿನ 20 ಮಕ್ಕಳು. ಕಂಪ್ಯೂಟರ್ 4, ಎಲ್ಲದರಲ್ಲೂ 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪೆನ್ ಟ್ಯಾಬ್ಲೆಟ್ ಎರಡೇ. ಮಾಡಬೇಕಾದ ಕೆಲಸ ಎರಡು: ನಾಲ್ಕು ಚೌಕದ ಕನ್ನಡ ನಗೆ ಸ್ಟ್ರಿಪ್, ಅರ್ಧ ನಿಮಿಷದ ಮಾತಾಡೋ ಕಾರ್ಟೂನ್. ನಾಲ್ಕೈದು ಪುಸ್ತಕಕ್ಕಷ್ಟೇ ದುಡ್ಡಿದೆ. ಅಂಗಡಿಯ ಪಟ್ಟಿಯಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರ್ ಪುಸ್ತಕ, ಅದರಲ್ಲಿ ಫ್ಲ್ಯಾಶ್‌ದೇ ಮೂರು. ಬಲ್ಲವರು ಹೇಳಿ.

ಪೆನ್ಸಿಲ್ ಸಿಪ್ಪೆ (ಚಿಕ್ಕಮಗಳೂರು)

ಆ ಮೂರನ್ನೂ ಮೊದಲು ಹೊಡೆದುಹಾಕಿ ಸರ್. ಅಡೋಬಿಯವರು 2016ರಲ್ಲೇ ಆ ಸಾಫ್ಟ್‌ವೇರಿನ ಹೆಸರನ್ನು ಅನಿಮೇಟ್ ಅಂತ ಬದಲಿಸಿದರು. ಬ್ರೌಸರಿನಲ್ಲಿ ಓಡುತ್ತಿದ್ದ ಫ್ಲ್ಯಾಶ್ ಪ್ಲೇಯರ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಹಳೇ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಬಟನ್, ಆಕ್ಷನ್‌ಸ್ಕ್ರಿಪ್ಟ್, ವೆಬ್‌ಸೈಟಿಗೆ ಏರಿಸೋ ಕ್ರಮ. ಈಗ ಅದನ್ನು ಓದಿ ಮಾಡೋದೇನೂ ಇಲ್ಲ. ಸಾಫ್ಟ್‌ವೇರ್ ಪುಸ್ತಕವನ್ನು ಹಾಲಿನ ಪ್ಯಾಕೆಟ್ಟಿನ ಹಾಗೆ ತಾರೀಕು ನೋಡಿಯೇ ಕೊಳ್ಳಬೇಕು. ಚಿತ್ರ, ಟೈಮಿಂಗ್ ಕಲಿಸೋ ಪುಸ್ತಕ ಹಾಗೆ ಹಳಸಲ್ಲ.

ನನ್ನ ಪಟ್ಟಿ:

ಮೊದಲನೇದು ಪ್ರೆಸ್ಟನ್ ಬ್ಲೇರ್ ಅವರ ‘ಕಾರ್ಟೂನ್ ಅನಿಮೇಷನ್’ (1994). ದೊಡ್ಡ ಪುಟ, ಮಾತು ಕಡಿಮೆ, ಚಿತ್ರ ಜಾಸ್ತಿ. ಇಂಗ್ಲಿಷ್ ಅಷ್ಟಕ್ಕಷ್ಟೇ ಇರೋ ಹುಡುಗರೂ ಚಿತ್ರ ನೋಡಿಕೊಂಡೇ ಮುಂದೆ ಹೋಗಬಹುದು. ಬ್ಲೇರ್ 1940ರ ‘ಫ್ಯಾಂಟೇಸಿಯಾ’ದಲ್ಲಿ ಕುಣಿಯೋ ನೀರಾನೆಗೆ ಚಲನೆ ಕೊಟ್ಟವರು, ಭಾರದ ವಿಚಾರದಲ್ಲಿ ಅವರ ಕೈ ಪಳಗಿದ್ದು. ತೊಂದರೆ ಅಂದರೆ ಮಕ್ಕಳು ಆ ಕಾಲದ ಮುಖ, ಬಿಳೀ ಕೈಗವಸು, ಎಲ್ಲವನ್ನೂ ಹಾಗೇ ನಕಲು ಮಾಡ್ತಾರೆ. ಮೈ ಕಟ್ಟೋ ಉಂಡೆ ಆಕಾರ ಮತ್ತು ಚಲನೆಯ ಗೆರೆ (ಇಡೀ ಭಂಗಿಯ ಬಾಗು ತೋರಿಸೋ ಒಂದೇ ಗೆರೆ), ಇವನ್ನು ಮಾತ್ರ ತಗೊಳ್ಳಿ, ಮುಖ ನಿಮ್ಮೂರಿನದು ಇರಲಿ ಅಂತ ಮೊದಲೇ ಹೇಳಿಬಿಡಿ.

ಎರಡನೇದು ರಿಚರ್ಡ್ ವಿಲಿಯಮ್ಸ್ ಅವರ ‘ದಿ ಅನಿಮೇಟರ್ಸ್ ಸರ್ವೈವಲ್ ಕಿಟ್’. 2001ರದ್ದು ಬೇಡ, 2009ರ ವಿಸ್ತೃತ ಮುದ್ರಣ ಕೇಳಿ, ಪ್ರಾಣಿಗಳ ನಡಿಗೆಯ ಭಾಗ ಅದರಲ್ಲಿ ಸೇರಿದೆ. ನಡಿಗೆಯೊಂದಕ್ಕೇ ಅಷ್ಟು ಪುಟ ಕೊಟ್ಟವರು ಅಪರೂಪ.

ಮೂರನೇದು ಹೆರಾಲ್ಡ್ ವಿಟೇಕರ್ ಮತ್ತು ಜಾನ್ ಹಾಲಾಸ್ ಅವರ ‘ಟೈಮಿಂಗ್ ಫಾರ್ ಅನಿಮೇಷನ್’ (1981). ಸಣ್ಣ ಪುಸ್ತಕ, ಎಷ್ಟು ಫ್ರೇಮಿಗೆ (ವಿಡಿಯೋದ ಒಂದೊಂದು ಬಿಡಿ ಚಿತ್ರಕ್ಕೆ ಫ್ರೇಮ್ ಅಂತಾರೆ) ಏನು ಅನ್ನೋದೇ ಅದರ ವಿಷಯ.

ಸ್ಟ್ರಿಪ್‌ಗೆ ಸ್ಕಾಟ್ ಮೆಕ್ಲೌಡ್. 1993ರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಹೆಚ್ಚು ಹೆಸರು ಮಾಡಿದ್ದು. ಆದರೆ ಕೈಕೆಲಸಕ್ಕೆ 2006ರ ‘ಮೇಕಿಂಗ್ ಕಾಮಿಕ್ಸ್’ ವಾಸಿ. ಎರಡೂ ಕಾಮಿಕ್ಸ್ ರೂಪದಲ್ಲೇ ಇವೆ, ಅದೊಂದು ಅನುಕೂಲ.

1981ರ ‘ದಿ ಇಲ್ಯೂಷನ್ ಆಫ್ ಲೈಫ್’ ಅನ್ನು ಎಲ್ಲರೂ ಮೊದಲು ಹೇಳ್ತಾರೆ. ಅನಿಮೇಷನ್ನಿನ 12 ಸೂತ್ರಗಳು ಅಲ್ಲಿಂದಲೇ ಹೆಸರಾದದ್ದು, ನಿಜ. ಆದರೆ ಅದರ ಬಹುಪಾಲು ಡಿಸ್ನಿ ಸ್ಟುಡಿಯೋದ ಕಥೆ, ಕೂತು ಓದೋ ಪುಸ್ತಕ. ದುಡ್ಡು ಉಳಿದರೆ ತರಿಸಿ.

ಜೆರಾಕ್ಸ್ ಮಾಡಿದ ಅಗ್ಗದ ಪ್ರತಿ ಮಾತ್ರ ಮುಟ್ಟಬೇಡಿ. ಚಿತ್ರದ ಪಕ್ಕ ತೆಳುವಾಗಿ ಗೀಚಿರೋ ಟೈಮಿಂಗ್ ಪಟ್ಟಿಗಳೇ ಈ ಪುಸ್ತಕಗಳ ಜೀವ, ಜೆರಾಕ್ಸಿನಲ್ಲಿ ಮೊದಲು ಅಳಿಸಿಹೋಗೋದೂ ಅವೇ.

ಅರಸೀಕೆರೆ ತೆಂಗು

ಪಟ್ಟಿ ಸರಿ ಇದೆ, ಕ್ರಮ ಸರಿ ಇಲ್ಲ. ನಡಿಗೆಗೆ ಕೈಹಾಕೋ ಮುಂಚೆ ಏನಾದರೂ ಒಂದನ್ನು ಬೀಳಿಸೋದು ಕಲೀಬೇಕು. ಪುಸ್ತಕದವರು ಚೆಂಡು ಬೀಳಿಸ್ತಾರೆ, ನಮ್ಮ ಕಡೆ ತೆಂಗಿನಕಾಯಿ ಬೀಳಿಸೋಣ.

12 ಮೀಟರ್ ಮರದಿಂದ ಕಾಯಿ ನೆಲ ಮುಟ್ಟೋಕೆ ಒಂದೂವರೆ ಸೆಕೆಂಡಿಗಿಂತ ಚೂರು ಜಾಸ್ತಿ ಬೇಕು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 38 ಫ್ರೇಮ್. ಕಾರ್ಟೂನಿಗೆ ಅಷ್ಟು ಕೊಟ್ಟರೆ ನಗು ತಣ್ಣಗಾಗುತ್ತೆ. ಬೀಳೋದನ್ನು 16 ಫ್ರೇಮಿಗೆ ಇಳಿಸಿ, ಉಳಿದದ್ದರಲ್ಲಿ 8 ಫ್ರೇಮನ್ನು ತೊಟ್ಟು ಅಲ್ಲಾಡೋಕೆ ಕೊಡಿ. ಒಂದು ಚಿತ್ರ ಎರಡು ಫ್ರೇಮ್ ನಿಲ್ಲೋ ಹಾಗಿದ್ದರೆ 16 ಫ್ರೇಮಿಗೆ 8 ಚಿತ್ರ.

ಎಂಟನ್ನೂ ಸಮ ಅಂತರದಲ್ಲಿ ಇಟ್ಟರೆ ಕಾಯಿ ಬೀಳಲ್ಲ, ಲಿಫ್ಟಿನಲ್ಲಿ ಇಳಿದ ಹಾಗೆ ಇಳಿಯುತ್ತೆ. ಕಲಿಯೋರೆಲ್ಲ ಎಡವೋದು ಇಲ್ಲೇ. ಬೀಳೋ ವಸ್ತು ಸಮಾನ ಕಾಲದಲ್ಲಿ ಸಾಗೋ ದೂರ 1, 3, 5, 7, 9 ಹೀಗೆ ಬೆಸಸಂಖ್ಯೆಯಲ್ಲಿ ಏರುತ್ತೆ. ಎಂಟು ಬೆಸಸಂಖ್ಯೆ ಕೂಡಿದರೆ 64. ಪರದೆಯಲ್ಲಿ ಬೀಳೋ ಎತ್ತರ 960 ಪಿಕ್ಸೆಲ್ ಇದ್ದರೆ ಒಂದು ಪಾಲು 15 ಪಿಕ್ಸೆಲ್. ಅಂತರಗಳು 15, 45, 75, 105, 135, 165, 195, 225. ಸ್ಕೇಲ್ ಇಟ್ಟು ಗುರುತು ಮಾಡಿಸಿ. ಒಂದು ಸಲ ಕೈಯಿಂದ ಅಳೆದ ಹುಡುಗ ಮುಂದೆ ಕಣ್ಣಳತೆಯಲ್ಲೇ ಹಾಕ್ತಾನೆ.

ಇನ್ನೊಂದು ಎಡವಟ್ಟು ಕೊನೆಯಲ್ಲಿ ಬರುತ್ತೆ. ಕಾಯಿ 90 ಪಿಕ್ಸೆಲ್ ಅಗಲ, ಕೊನೇ ಅಂತರ 225. ಕಣ್ಣಿಗೆ ಒಂದು ಕಾಯಿ ಬಿದ್ದ ಹಾಗಲ್ಲ, ಎರಡು ಕಾಯಿ ಮಿಣುಕಿದ ಹಾಗೆ ಕಾಣುತ್ತೆ. ಇದಕ್ಕೆ ಎರಡು ಮದ್ದು. ಕೊನೇ ನಾಲ್ಕು ಚಿತ್ರದ ಜಾಗದಲ್ಲಿ ಫ್ರೇಮಿಗೊಂದರಂತೆ ಎಂಟು ಚಿತ್ರ ಹಾಕಿದರೆ ಅಂತರ ಅರ್ಧವಾಗುತ್ತೆ. ಇಲ್ಲವೇ ಕಾಯಿಯನ್ನೇ ಉದ್ದಕ್ಕೆ ಎಳೀರಿ. ಉದ್ದ ಒಂದೂವರೆಪಟ್ಟಾದರೆ ಅಗಲ ಮೂರರಲ್ಲಿ ಎರಡು ಪಾಲಿಗೆ ಇಳಿಯಬೇಕು, ಇಲ್ಲದಿದ್ದರೆ ಕಾಯಿ ಬೆಳೆದ ಹಾಗೆ ಕಾಣುತ್ತೆ. ನೆಲ ಮುಟ್ಟಿದಾಗ ಮಾತ್ರ ಪುಸ್ತಕದ ಚೆಂಡಿನ ಹಾಗೆ ಚಪ್ಪಟೆ ಮಾಡಬೇಡಿ, ಅದು ಇಡ್ಲಿ ಆಗುತ್ತೆ. ಗಟ್ಟಿ ವಸ್ತು ಹಾಗೇ ಇರುತ್ತೆ, ಕೆಳಗಿರೋ ತಲೆ ತಗ್ಗಬೇಕು.

ಕಾಫಿ ಕಣ (ಮೂಡಿಗೆರೆ ಹತ್ರ)

ನಡಿಗೆ ವಿಷಯ ಬಂತಲ್ಲ, ಒಂದು ಸಂದೇಹ. ಪುಸ್ತಕದಲ್ಲಿರೋ ಹಾಗೇ ಚಿತ್ರ ಹಾಕಿದರೂ ಪಾತ್ರ ಐಸ್ ಮೇಲೆ ನಡೆದ ಹಾಗೆ ಕಾಲು ಜಾರುತ್ತೆ. ಜೊತೆಗೆ ಸುತ್ತು ಮುಗಿದು ಮತ್ತೆ ಶುರು ಆಗೋವಾಗ ಒಂದು ಸಣ್ಣ ಬಿಕ್ಕಳಿಕೆ. ಯಾಕೆ ಮಾರಾಯ್ರೆ?

ಅರಸೀಕೆರೆ ತೆಂಗು

ಬಿಕ್ಕಳಿಕೆ ಸುಲಭದ್ದು. ಒಂದು ಹೆಜ್ಜೆಗೆ 12 ಫ್ರೇಮ್, ಎರಡು ಹೆಜ್ಜೆಗೆ 24. ಕಾಲು ನೆಲ ಮುಟ್ಟೋ ಭಂಗಿ 1ನೇ ಫ್ರೇಮಿನಲ್ಲಿ, ಮೈ ತಗ್ಗೋದು 4ರಲ್ಲಿ, ಒಂದು ಕಾಲು ಇನ್ನೊಂದನ್ನು ದಾಟೋದು 7ರಲ್ಲಿ, ಮೈ ಏರೋದು 10ರಲ್ಲಿ, ಮತ್ತೆ ನೆಲ ಮುಟ್ಟೋದು 13ರಲ್ಲಿ, ಆದರೆ ಕಾಲು ಅದಲುಬದಲು. ಹೀಗೆ ಹೋದರೆ 25ನೇ ಫ್ರೇಮ್ ಮತ್ತು 1ನೇ ಫ್ರೇಮ್ ಒಂದೇ ಚಿತ್ರ. ಸುತ್ತಿನಲ್ಲಿ ಎರಡನ್ನೂ ಇಟ್ಟರೆ ಒಂದೇ ಭಂಗಿ ಎರಡು ಸಲ ನಿಲ್ಲುತ್ತೆ, ನಿಮ್ಮ ಬಿಕ್ಕಳಿಕೆ ಅದೇ. 24ಕ್ಕೆ ಸುತ್ತು ಮುಚ್ಚಿ, 25 ತೆಗೀರಿ.

ಜಾರೋದಕ್ಕೆ ಕಾರಣ ಎರಡು. ಪಾತ್ರ ಒಂದೇ ಕಡೆ ನಡೀತಿದ್ದು ಹಿನ್ನೆಲೆ ಓಡ್ತಿದ್ದರೆ, ನೆಲದ ಮೇಲಿನ ಪಾದ ಹಿಂದಕ್ಕೆ ಸರಿಯೋ ವೇಗ, ಹಿನ್ನೆಲೆಯ ವೇಗ ಎರಡೂ ಒಂದೇ ಇರಬೇಕು. ಹೆಜ್ಜೆ 240 ಪಿಕ್ಸೆಲ್ ಇದ್ದರೆ ಫ್ರೇಮಿಗೆ 20 ಪಿಕ್ಸೆಲ್. ನೆಲ ಮುಟ್ಟಿರೋ ಪಾದಕ್ಕೆ ಸಮ ಅಂತರವೇ ಬೇಕು, ಅಲ್ಲಿ ಬೆಸಸಂಖ್ಯೆ ತರಬೇಡಿ. ಎರಡನೇ ಕಾರಣ ಯಾರ ಕಣ್ಣಿಗೂ ಬೇಗ ಬೀಳಲ್ಲ. ಪಾತ್ರದ ಚಿತ್ರ ಎರಡು ಫ್ರೇಮಿಗೊಂದು, ಹಿನ್ನೆಲೆ ಮಾತ್ರ ಪ್ರತಿ ಫ್ರೇಮಿಗೂ ಸರಿಯುತ್ತೆ. ಆಗ ಪ್ರತಿ ಎರಡನೇ ಫ್ರೇಮಿನಲ್ಲಿ ಪಾದ ನೆಲದ ಜೊತೆ 20 ಪಿಕ್ಸೆಲ್ ಜಗಳ ಆಡುತ್ತೆ. ಹಿನ್ನೆಲೆ ಓಡೋ ನಡಿಗೆಗೆ ಫ್ರೇಮಿಗೊಂದು ಚಿತ್ರ ಹಾಕಿ, ಇಲ್ಲವೇ ಹಿನ್ನೆಲೆಯನ್ನೂ ಎರಡು ಫ್ರೇಮಿಗೊಮ್ಮೆ 40 ಪಿಕ್ಸೆಲ್ ಸರಿಸಿ.

ಕಾಫಿ ಮೂಟೆ ಹೊತ್ತವನ ನಡಿಗೆ ಬೇಕಾದರೆ ಹೆಜ್ಜೆಗೆ 16 ಫ್ರೇಮ್ ಕೊಡಿ. ತಗ್ಗೋ ಭಂಗಿ ಇನ್ನೂ ಆಳಕ್ಕೆ ಹೋಗಲಿ, ಏರೋ ಭಂಗಿ ಬಹುತೇಕ ಬೇಡ. ಭಾರ ಇರೋದು ಮೂಟೆಯ ಚಿತ್ರದಲ್ಲಲ್ಲ, ಮಂಡಿಯಲ್ಲಿ.

ಹೇಮಾವತಿ ದಂಡೆ (ಹಾಸನ)

ತುಂಬಾ ಉಪಕಾರ. ಸಾಫ್ಟ್‌ವೇರ್ ಪುಸ್ತಕ ಬೇಡ ಅಂದರೂ ಸಾಫ್ಟ್‌ವೇರ್ ಬೇಕಲ್ಲ. ಈ ನಾಲ್ಕು ಕಂಪ್ಯೂಟರಿಗೆ ಯಾವುದು?

ರ‍್ಯಾಮ್ ಸಾಲ್ದು

ಎಲ್ಲಾ ಉಚಿತದ್ದೇ ಹೇಳ್ತೀನಿ. ಮೊದಲ ವಾರಕ್ಕೆ ಪೆನ್ಸಿಲ್‌ಟೂಡಿ, ಹಗುರ, ಹಳೇ ಕಂಪ್ಯೂಟರಿನಲ್ಲೂ ಏಳುತ್ತೆ. ಆಮೇಲೆ ಕ್ರಿಟಾ. ಅದರ 5.2ರಿಂದ ವಿಡಿಯೋ ಹೊರತೆಗೆಯೋ ಎಫ್‌ಎಫ್‌ಎಂಪೆಗ್ ಜೊತೆಯಲ್ಲೇ ಬರುತ್ತೆ, ಮುಂಚೆ ಬೇರೆ ಹಾಕಿ ದಾರಿ ತೋರಿಸಬೇಕಿತ್ತು.

ಕ್ರಿಟಾ ಚಿತ್ರಗಳನ್ನೆಲ್ಲ ರ‍್ಯಾಮಿನಲ್ಲಿ ಇಟ್ಟುಕೊಳ್ಳುತ್ತೆ. 1920×1080 ಅಳತೆಯ, ಪೂರ್ತಿ ಬಣ್ಣ ತುಂಬಿದ ಒಂದು ಚಿತ್ರಕ್ಕೆ ಸುಮಾರು 8.3 ಎಂಬಿ. 10 ಸೆಕೆಂಡಿಗೆ ಎರಡು ಫ್ರೇಮಿಗೊಂದರಂತೆ 120 ಚಿತ್ರ, ಅಂದರೆ ಒಂದು ಲೇಯರಿಗೇ (ಒಂದರ ಮೇಲೊಂದು ಕೂರೋ ಚಿತ್ರದ ಪದರಕ್ಕೇ) ಹತ್ತಿರ ಹತ್ತಿರ 1 ಜಿಬಿ. ಖಾಲಿ ಜಾಗ ಲೆಕ್ಕಕ್ಕಿಲ್ಲ, ಅದಕ್ಕೇ ಗೆರೆಯ ಲೇಯರ್ ಹಗುರ, ಆಕಾಶ ತುಂಬಿದ ಲೇಯರ್ ಭಾರ. ಹಿನ್ನೆಲೆಯನ್ನು ಒಂದೇ ಚಿತ್ರವಾಗಿ ಇಡಿ, ಅದನ್ನು ಅನಿಮೇಷನ್ ಲೇಯರ್ ಮಾಡಬೇಡಿ. ಅರ್ಧ ನಿಮಿಷವನ್ನು ಒಂದೇ ಫೈಲಿನಲ್ಲಿ ಮಾಡಬೇಡಿ, ಶಾಟಿಗೊಂದು ಫೈಲು, ಒಂದೊಂದು 4-5 ಸೆಕೆಂಡ್.

ಓಪನ್‌ಟೂನ್ಜ್ ಕೂಡ ಇದೆ. ಜಪಾನಿನ ಸ್ಟುಡಿಯೋ ಗಿಬ್ಲಿ ಬಳಸಿದ ಟೂನ್ಜ್ 2016ರಲ್ಲಿ ಮುಕ್ತವಾಗಿ ಬಂದದ್ದು. ಅದರ ಪ್ಯಾಲೆಟ್ಟಿನಲ್ಲಿ ಅಂಗಿಯ ಬಣ್ಣ ಒಮ್ಮೆ ಬದಲಿಸಿದರೆ ಆ ಲೆವೆಲ್ಲಿನ (ಚಿತ್ರಗಳ ಒಂದು ಕಟ್ಟಿನ) ಎಲ್ಲಾ ಚಿತ್ರದಲ್ಲೂ ಬದಲಾಗುತ್ತೆ. ಆದರೆ ಹೊಸಬರಿಗೆ ಅದರ ಎಕ್ಸ್‌ಶೀಟ್ (ಯಾವ ಫ್ರೇಮಿಗೆ ಯಾವ ಚಿತ್ರ ಅನ್ನೋ ಕೋಷ್ಟಕ) ತಲೆನೋವು, ಶಿಬಿರಕ್ಕೆ ಬೇಡ ಅಂತೀನಿ.

ಕರೆಂಟ್ ಬಗ್ಗೆ ಒಂದು ಮಾತು. ನೇರವಾಗಿ ವಿಡಿಯೋ ರೆಂಡರ್ ಕೊಡಬೇಡಿ. ಮೊದಲು ಪಿಎನ್‌ಜಿ ಚಿತ್ರಗಳ ಸಾಲಾಗಿ ತೆಗೀರಿ. 300ನೇ ಫ್ರೇಮಿನಲ್ಲಿ ಕರೆಂಟ್ ಹೋದರೆ 299 ಉಳಿದಿರುತ್ತೆ, ಅಲ್ಲಿಂದ ಮುಂದುವರಿಸಬಹುದು. ಅರ್ಧ ಬರೆದ ವಿಡಿಯೋ ಫೈಲು ಬಹುತೇಕ ತೆರೆಯೋದೇ ಇಲ್ಲ.

ಮೂಡಿಗೆರೆ ಮಳೆ

ಎರಡು ಟ್ಯಾಬ್ಲೆಟ್ಟಿಗೆ 20 ಮಕ್ಕಳು ಅಂದರೆ ಸರದಿ ಕಾಯೋದೇ ಶಿಬಿರ ಆಗುತ್ತೆ. 16 ಜನ ಕಾಗದದಲ್ಲಿ ಮಾಡಲಿ. ಹಾಳೆಗಳು ಅಲುಗದ ಹಾಗೆ ಹಿಡಿಯೋಕೆ ಸ್ಟುಡಿಯೋದವರು ಮೂರು ಗೂಟದ ಪಟ್ಟಿ, ಅಂದರೆ ಪೆಗ್‌ಬಾರ್ ಬಳಸ್ತಾರೆ, ಅದಕ್ಕೆ ತಕ್ಕ ಪಂಚಿಂಗ್ ಯಂತ್ರ ದುಬಾರಿ. ನಮಗೆ ಆಫೀಸಿನ ಮಾಮೂಲಿ ಎರಡು ತೂತಿನ ಪಂಚ್ ಸಾಕು. ತೂತುಗಳ ನಡುವೆ 80 ಮಿಲಿಮೀಟರ್, ತೂತು 6 ಮಿಲಿಮೀಟರ್. ಒಂದು ಪಟ್ಟಿ ಮರಕ್ಕೆ ಅದೇ ಅಳತೆಯಲ್ಲಿ 6 ಮಿಲಿಮೀಟರಿನ ಎರಡು ಗೂಟ ಕೂರಿಸಿದರೆ ಪೆಗ್‌ಬಾರ್ ಆಯ್ತು. ಕಾಗದ 70ರಿಂದ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ), ಅದಕ್ಕಿಂತ ದಪ್ಪ ಆದರೆ ಕೆಳಗಿನ ಗೆರೆ ಕಾಣಲ್ಲ. ಗಾಜಿನ ಹಲಗೆ, ಅಡಿಯಲ್ಲಿ ಎಲ್‌ಇಡಿ ಪಟ್ಟಿ.

ಶಿಬಿರ ಜೂನ್‌ಗೆ ಜಾರಿದರೆ ಜೋಪಾನ. ಮಲೆನಾಡಿನ ಮಳೆಗಾಲದಲ್ಲಿ ಕಾಗದ ತೇವ ಕುಡಿದು ಹಿಗ್ಗುತ್ತೆ. ಸೋಮವಾರ ತೂತು ಹೊಡೆದ ಹಾಳೆಗೂ ಗುರುವಾರ ಹೊಡೆದ ಹಾಳೆಗೂ ತಾಳ ತಪ್ಪಿ, ಆಡಿಸಿದಾಗ ಪಾತ್ರ ನಡುಗುತ್ತೆ. ಒಂದೇ ಕಟ್ಟಿನ ಹಾಳೆಗೆ ಒಂದೇ ದಿನ ತೂತು ಹೊಡೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಡಿ. ಸ್ಟ್ರಿಪ್‌ಗೆ ಶಾಯಿ ಬಳಸೋದಾದರೆ 200 ಜಿಎಸ್‌ಎಂಗಿಂತ ಕಮ್ಮಿ ಬೇಡ, ತೆಳು ಹಾಳೆಯಲ್ಲಿ ಗೆರೆ ಕಂಬಳಿಹುಳದ ಹಾಗೆ ಮೀಸೆ ಬಿಡುತ್ತೆ.

ಚಿತ್ರ ಸೆರೆಹಿಡಿಯೋಕೆ ಮೊಬೈಲ್ ಸಾಕು. ಸ್ಟ್ಯಾಂಡಿಗೆ ಕಟ್ಟಿ, ಫೋಕಸ್ಸು, ಬೆಳಕು ಎರಡನ್ನೂ ಲಾಕ್ ಮಾಡಿ. ಬಿಟ್ಟರೆ ಪ್ರತಿ ಫೋಟೋಗೂ ಬೆಳಕು ಬದಲಾಗಿ ವಿಡಿಯೋ ಮಿಣಮಿಣ ಅನ್ನುತ್ತೆ. ಟ್ಯೂಬ್‌ಲೈಟ್ ಕೆಳಗಾದರೆ ಶಟರ್ 1/50 ಅಥವಾ 1/100.

ಮಾತಿನ ಮಲ್ಲಿ (ಚಿಕ್ಕಮಗಳೂರು)

ಮಾತಾಡೋ ಕಾರ್ಟೂನ್ ಅಂದಿರಿ, ಇಷ್ಟು ಜನರಲ್ಲಿ ಒಬ್ಬರೂ ಬಾಯಿಯ ವಿಷಯ ಎತ್ತಲಿಲ್ಲ. ಮೇಲಿನ ಪುಸ್ತಕಗಳು ಕೈಕೊಡೋದು ಇಲ್ಲೇ. ಬ್ಲೇರ್ ಪುಸ್ತಕದ ಬಾಯಿ ಚಿತ್ರಗಳೆಲ್ಲ ಇಂಗ್ಲಿಷ್ ಉಚ್ಚಾರಕ್ಕೆ ಮಾಡಿದ್ದು. ಕನ್ನಡಕ್ಕೆ ಹೀಗೆ ಹೊಂದಿಸಿಕೊಳ್ಳಿ.

ಪ, ಬ, ಮ ಮತ್ತು ಅವುಗಳ ಮಹಾಪ್ರಾಣ: ತುಟಿ ಪೂರ್ತಿ ಮುಚ್ಚಬೇಕು, ಕಮ್ಮಿ ಅಂದರೂ 2 ಫ್ರೇಮ್. ಇದನ್ನು ತಪ್ಪಿಸಿದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಡಬ್ಬಿಂಗ್ ಸಿನಿಮಾ ಥರ ಕಾಣುತ್ತೆ. ಅಪ್ಪ, ಅಮ್ಮ, ಹಬ್ಬ ಇಂಥ ಒತ್ತಿಗೆ 4 ಫ್ರೇಮ್ ಮುಚ್ಚಿ ಹಿಡೀರಿ. ಇಂಗ್ಲಿಷಿನಲ್ಲಿ ಪದದ ಒಳಗೆ ಈ ದ್ವಿತ್ವ ಇಲ್ಲ, ಅದಕ್ಕೇ ಆ ಪುಸ್ತಕಗಳಲ್ಲಿ ಹೇಳಿಲ್ಲ.

ಆ ಗೆ ಬಾಯಿ ಅಗಲವಾಗಿ ತೆರೆದು, ಇ, ಈ, ಎ, ಏ ಗೆ ಅಡ್ಡಕ್ಕೆ ಎಳೆದು, ಉ, ಊ, ಒ, ಓ ಗೆ ಗುಂಡಗೆ. ದೀರ್ಘಕ್ಕೆ ಹ್ರಸ್ವದ ಎರಡರಷ್ಟು ಫ್ರೇಮ್.

ತ, ದ, ನ, ಲ: ಮೇಲಿನ ಹಲ್ಲಿನ ಹಿಂದೆ ನಾಲಿಗೆ ತುದಿ ಕಾಣಲಿ. ಟ, ಡ, ಣ, ಳ: ನಾಲಿಗೆ ಒಳಕ್ಕೆ ಮಡಚುತ್ತೆ, ಎದುರಿನಿಂದ ಕಾಣಲ್ಲ, ಅರೆ ತೆರೆದ ಬಾಯಿ ಸಾಕು. ಕ, ಗ ಕೂಡ ಅಷ್ಟೇ.

ಇನ್ನು ವ. ಇಂಗ್ಲಿಷ್ ಪಟ್ಟಿಯಲ್ಲಿ ಇದಕ್ಕೆ ಕೆಳತುಟಿ ಕಚ್ಚೋ ಚಿತ್ರ ಇದೆ. ನಮ್ಮ ವ ಅಷ್ಟು ಗಟ್ಟಿ ಅಲ್ಲ, ತುಟಿ ಹಲ್ಲಿನ ಹತ್ತಿರ ಹೋಗಿ ಬರುತ್ತೆ ಅಷ್ಟೇ. ‘ಅವನು ಅವಳಿಗೆ ಅವರೆಕಾಯಿ’ ಅನ್ನೋ ಮಾತಿಗೆ ಆ ಚಿತ್ರವನ್ನೇ ಹಾಕಿ ನೋಡಿ, ಪಾತ್ರ ತನ್ನ ತುಟಿಯನ್ನೇ ತಿಂದು ಮುಗಿಸುತ್ತೆ. ಕಚ್ಚೋ ಬಾಯಿ ಬೇಕಿರೋದು ಫ್ಯಾನು, ಆಫೀಸು ಇಂಥವಕ್ಕೆ. ನಮ್ಮ ಜಿಲ್ಲೆಯ ಮುಖ್ಯ ಪದಕ್ಕೂ ಎಚ್ಚರ: ‘ಕಾಫಿ’ ಅನ್ನೋ ಪಾತ್ರಕ್ಕೆ ತುಟಿ ಕಚ್ಚೋ ಬಾಯಿ, ‘ಕಾಪಿ’ ಅನ್ನೋ ಅಜ್ಜಿಗೆ ತುಟಿ ಮುಚ್ಚೋ ಬಾಯಿ.

ಒತ್ತಕ್ಷರ

ಮಲ್ಲಿ ಮೇಡಂ, ಳ ಕಾಣಲ್ಲ ಅನ್ನೋದನ್ನು ಒಪ್ಪಲ್ಲ. ‘ಬಾಳೆಹಳ್ಳಿ’ ಅಂತ ಕನ್ನಡಿ ಎದುರು ನಿಧಾನವಾಗಿ ಹೇಳಿ, ನಾಲಿಗೆಯ ಅಡಿಭಾಗ ಕಾಣುತ್ತೆ.

ಮಾತಿನ ಮಲ್ಲಿ (ಚಿಕ್ಕಮಗಳೂರು)

ನಿಧಾನವಾಗಿ ಹೇಳಿದರೆ ಕಾಣುತ್ತೆ, ಒಪ್ಪಿದೆ. ಮಾತಿನ ವೇಗದಲ್ಲಿ ಅದಕ್ಕೆ ಸಿಗೋದು 2 ಫ್ರೇಮ್. ಅಷ್ಟರಲ್ಲಿ ನಾಲಿಗೆ ಮಡಚಿ ತೋರಿಸಿದರೆ ಬಾಯೊಳಗೆ ಏನೋ ಹಾರಿದ ಹಾಗಾಗುತ್ತೆ. ಒಂದೊಂದು ಅಕ್ಷರಕ್ಕೂ ಬಾಯಿ ಬರೆಯೋದೇ ಹೊಸಬರ ದೊಡ್ಡ ತಪ್ಪು. ತುಟಿ ಮುಚ್ಚೋದು, ಗುಂಡಗಾಗೋದು, ಅಗಲ ತೆರೆಯೋದು, ಈ ಮೂರನ್ನು ಸರಿಯಾದ ಜಾಗದಲ್ಲಿ ಹಿಡಿದು ಉಳಿದದ್ದನ್ನು ನುಂಗಿಬಿಡಿ.

ಸ್ಕ್ರಿಪ್ಟ್ ನೋಡಿ ಬಾಯಿ ಹಾಕಬೇಡಿ, ರೆಕಾರ್ಡಿಂಗ್ ಕೇಳಿ ಹಾಕಿ. ಬರೆದಿರೋದು ‘ಬಂದುಬಿಟ್ಟನು’, ಹುಡುಗ ಹೇಳಿರೋದು ‘ಬಂದ್ಬಿಟ್ಟ’. ಎರಡು ಉ ಮಾಯ, ಅವಕ್ಕೆ ಬರೆದ ಗುಂಡು ಬಾಯಿಯೂ ದಂಡ. ಬಾಯಿಯ ಚಿತ್ರ ಶಬ್ದಕ್ಕಿಂತ 1-2 ಫ್ರೇಮ್ ಮುಂಚೆ ಬರಲಿ. ಮಾತು ಮುಗಿದ ತಕ್ಷಣ ಬಾಯಿ ಮುಚ್ಚಬೇಡಿ. ನಮ್ಮ ಮಾತು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತೆ, 3-4 ಫ್ರೇಮಿನಲ್ಲಿ ನಿಧಾನಕ್ಕೆ ಮುಚ್ಚಲಿ.

ಯಂತ್ರದ ಸಹಾಯ ಬೇಕಾದರೆ ರುಬಾರ್ಬ್ ಅನ್ನೋ ಉಚಿತ ಲಿಪ್‌ಸಿಂಕ್ (ಮಾತಿಗೆ ಬಾಯಿ ಹೊಂದಿಸೋ) ತಂತ್ರಾಂಶ ಇದೆ. ಅದು ತಾನಾಗಿ ಇಂಗ್ಲಿಷ್ ಅಂದುಕೊಂಡು ಕೇಳುತ್ತೆ. ರೆಕಗ್ನೈಜರನ್ನು ‘ಫೊನೆಟಿಕ್’ಗೆ ಬದಲಿಸಿದರೆ ಭಾಷೆ ಬಿಟ್ಟು ಬರೀ ಧ್ವನಿ ಹಿಡಿಯುತ್ತೆ. ಆಮೇಲೂ ಪ, ಬ, ಮ ಮುಚ್ಚಿದೆಯಾ ಅಂತ ಕೈಯಿಂದ ತಪಾಸಣೆ ಬೇಕೇ ಬೇಕು.

ಒತ್ತಕ್ಷರ

ಸರಿ, ಸೋತೆ. ಸ್ಟ್ರಿಪ್ ಕಡೆ ಬರ್ತೀನಿ, ಅದು ನನ್ನ ಗದ್ದೆ.

ಕಾಮಿಕ್ಸ್ ಪುಸ್ತಕಗಳಲ್ಲಿ ಅಕ್ಷರದ ಅಧ್ಯಾಯ ಇರುತ್ತಲ್ಲ, ಅದನ್ನು ದಾಟಿಬಿಡಿ. ಎಲ್ಲಾ ದೊಡ್ಡಕ್ಷರದಲ್ಲಿ ಬರೆದು ಸಾಲುಗಳನ್ನು ಒತ್ತೊತ್ತಾಗಿ ಕೂರಿಸೋದು ಅವರ ಪದ್ಧತಿ. ಕನ್ನಡದಲ್ಲಿ ಹಾಗೆ ಮಾಡಿದರೆ ಮೇಲಿನ ಸಾಲಿನ ‘ಸ್ತ್ರ’ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತೆ. ಅಕ್ಷರ 10 ಪಾಯಿಂಟ್ ಇದ್ದರೆ ಸಾಲಿನ ಅಂತರ 15 ಕೊಡಿ. ಮಾತಿನ ಗುಳ್ಳೆಯೊಳಗೆ ನಡುವಿಗೆ ಕೂರಿಸುವಾಗ ಒತ್ತನ್ನೂ ಲೆಕ್ಕಕ್ಕೆ ತಗೊಂಡು ಕೆಳಗೆ ಸ್ವಲ್ಪ ಜಾಸ್ತಿ ಜಾಗ ಬಿಡಿ.

ಅಳತೆ: ಅಗಲ 190 ಮಿಲಿಮೀಟರ್, ಚೌಕಗಳ ನಡುವೆ 5 ಮಿಲಿಮೀಟರಿನ ಮೂರು ಬಿಳಿ ಪಟ್ಟಿ, ಉಳಿದದ್ದರಲ್ಲಿ ಒಂದೊಂದು ಚೌಕ 43.75 ಮಿಲಿಮೀಟರ್. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಪೂರ್ತಿ ಅಗಲ 4488 ಪಿಕ್ಸೆಲ್. ಎತ್ತರವನ್ನೂ 43.75 ಮಿಲಿಮೀಟರ್ ಇಟ್ಟು ಚೌಕವನ್ನು ಸಮಚೌಕ ಮಾಡಿದರೆ ಪತ್ರಿಕೆಗೆ ನಾಲ್ಕನ್ನೂ ಸಾಲಾಗಿ, ಮೊಬೈಲಿಗೆ ಎರಡರ ಮೇಲೆ ಎರಡು ಇಟ್ಟು ಎರಡೂ ಕಡೆ ಬಳಸಬಹುದು. ಅಷ್ಟು ಅಗಲದಲ್ಲಿ ಸಾಲಿಗೆ 12-14 ಅಕ್ಷರ, ಮೂರು ಸಾಲು. ಅಂದರೆ ಚೌಕಕ್ಕೆ ಎಂಟ್ಹತ್ತು ಪದ. ಅದಕ್ಕಿಂತ ಹೆಚ್ಚಾದರೆ ಮಾತು ಕತ್ತರಿಸಿ, ಅಕ್ಷರ ಸಣ್ಣ ಮಾಡಬೇಡಿ. ಘ, ಝ, ಞ ಅಕ್ಷರಗಳ ಹೊಟ್ಟೆ ಶಾಯಿಯಿಂದ ತುಂಬಿಹೋಗುತ್ತೆ.

ಫೋಟೋಶಾಪಿನಲ್ಲಿ ಒತ್ತು ಒಡೆದು ‘ಅಕ್ಕ’ ಅನ್ನೋದು ‘ಅಕ್‌ಕ’ ಆಗ್ತಿದ್ದರೆ ಫಾಂಟಿನ ತಪ್ಪಲ್ಲ. ಪ್ರಿಫರೆನ್ಸಸ್, ಟೈಪ್ ಒಳಗೆ ದಕ್ಷಿಣ ಏಷ್ಯಾದ ಲಿಪಿಗಳ ಎಂಜಿನ್ ಆರಿಸಬೇಕು. ಹೊಸ ಆವೃತ್ತಿಗಳಲ್ಲಿ ಅದಕ್ಕೆ ವರ್ಲ್ಡ್-ರೆಡಿ ಅಂತ ಹೆಸರು. ಇಂಕ್‌ಸ್ಕೇಪಿನಲ್ಲಿ ಈ ರಗಳೆ ಇಲ್ಲ, ಒತ್ತು ತಾನಾಗಿ ಕೂರುತ್ತೆ. ನಗೆ ಸ್ಟ್ರಿಪ್‌ಗೆ ಬಲೂ ತಮ್ಮ ಫಾಂಟ್ ಚೆನ್ನ, ದುಂಡಗೆ ದಪ್ಪಗೆ ಇದೆ, ಉಚಿತ. ಅಕ್ಷರಕ್ಕೆ ಹೊರಗೆರೆ ಹಾಕೋದಾದರೆ ಮೊದಲು ಪಾತ್ (ಗೆರೆಯ ಆಕಾರ) ಮಾಡಿ, ಯೂನಿಯನ್ ಕೊಟ್ಟು ಒಂದಾಗಿ ಬೆಸೆಯಿರಿ, ಇಲ್ಲದಿದ್ದರೆ ಅಕ್ಷರಕ್ಕೆ ಒತ್ತು ಸೇರೋ ಜಾಗದಲ್ಲೆಲ್ಲ ಒಳಗೆರೆ ಕಾಣುತ್ತೆ.

ಶಬ್ದಗಳನ್ನು ಇಂಗ್ಲಿಷಿನಿಂದ ತರೋ ದರಿದ್ರ ನಮಗಿಲ್ಲ. ಧಡಾರ್, ಪಚಕ್, ಸರ್ರನೆ, ಟಣ್, ಗಡಗಡ, ದಬದಬ, ಚೊಯ್ಯ್... ದೋಸೆ ಹುಯ್ಯೋದಕ್ಕೂ ಒಂದು, ಒಗ್ಗರಣೆಗೂ ಒಂದು. ಇವನ್ನು ಫಾಂಟಿನಲ್ಲಿ ಹಾಕಬೇಡಿ, ಕೈಯಲ್ಲೇ ಬರೆದು ಚಿತ್ರದ ಭಾಗ ಮಾಡಿ.

ಪೆನ್ಸಿಲ್ ಸಿಪ್ಪೆ (ಚಿಕ್ಕಮಗಳೂರು)

ನಗೆಯ ಬಗ್ಗೆಯೂ ಒಂದು ಮಾತು ಸೇರಿಸ್ತೀನಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಇಲ್ಲ-ಅಲ್ಲ ಕೂಡ ಕೊನೆಗೆ. ನಾಲ್ಕನೇ ಚೌಕಕ್ಕೆ ಇದಕ್ಕಿಂತ ಉಡುಗೊರೆ ಬೇಕಾ? ಮೂರನೇ ಚೌಕದಲ್ಲಿ, ‘ನಮ್ಮೂರಿಗೆ ಬಸ್ಸು ದಿನಾ ಬೆಳಗ್ಗೆ ಹತ್ತಕ್ಕೆ ಸರಿಯಾಗಿ...’ ನಾಲ್ಕನೇದರಲ್ಲಿ ಖಾಲಿ ರಸ್ತೆ, ಒಂದೇ ಪದ: ‘ಬರಲ್ಲ.’ ವಾಕ್ಯವನ್ನು ಎರಡು ಗುಳ್ಳೆಗೆ ಒಡೆಯೋ ಜಾಗ ಗೊತ್ತಾದರೆ ಅರ್ಧ ಸ್ಟ್ರಿಪ್ ಮುಗಿದ ಹಾಗೆ. ಕೆಡಿಸೋ ದಾರಿಯೂ ಅಷ್ಟೇ ಹತ್ತಿರ: ಪಕ್ಕದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ‘ಹ್ಹ ಹ್ಹ’ ಅನ್ನಿಸೋದು.

ಕನ್ನಡದ ನಗೆಚಿತ್ರ ನೋಡಬೇಕಾದರೆ ಹಾಸ್ಯಲೇಖಕ ರಾಶಿಯವರ ನಗೆಪತ್ರಿಕೆ ‘ಕೊರವಂಜಿ’ಯ ಹಳೇ ಸಂಚಿಕೆ ಹುಡುಕಿ. 1942ರಲ್ಲಿ ಶುರುವಾಗಿ 1967ರವರೆಗೆ ಬಂತು. ಆರ್. ಕೆ. ಲಕ್ಷ್ಮಣ್ ಎಳೇ ವಯಸ್ಸಿನಲ್ಲಿ ಅದಕ್ಕೆ ಚಿತ್ರ ಬರೀತಿದ್ದರು. ಮಾತು ಎಷ್ಟು ಕಮ್ಮಿ ಇದ್ದರೆ ಸಾಕು ಅನ್ನೋದು ಅಲ್ಲಿ ಕಾಣುತ್ತೆ.

ತರೀಕೆರೆ ದಾರಿ

ಪುಸ್ತಕದ ಜೊತೆ ಒಂದು ದಿನ ಮಕ್ಕಳನ್ನು ಅಮೃತಾಪುರಕ್ಕೆ ಕರ್ಕೊಂಡು ಹೋಗಿ. ತರೀಕೆರೆ ತಾಲ್ಲೂಕು, 1196ರ ಅಮೃತೇಶ್ವರ ದೇವಸ್ಥಾನ. ಹೊರಗಿನ ಕಟ್ಟೆಗೋಡೆಯ ಮೇಲೆ 140 ಚೌಕದಲ್ಲಿ ಕಥೆ ಕೆತ್ತಿದ್ದಾರೆ. ದಕ್ಷಿಣಕ್ಕೆ ರಾಮಾಯಣ 70, ಉತ್ತರಕ್ಕೆ ಕೃಷ್ಣನ ಕಥೆ 25, ಮಹಾಭಾರತ 45.

ಚೌಕಗಳ ಓದುಗತಿ ಅನ್ನೋದನ್ನು ಇಲ್ಲಿ ಕಲ್ಲಿನಲ್ಲೇ ತೋರಿಸಬಹುದು. ಹೊಯ್ಸಳರ ರೂಢಿ ಪ್ರದಕ್ಷಿಣೆಯ ದಿಕ್ಕು. ಗೋಡೆಗೆ ಮುಖ ಮಾಡಿ ನಿಂತರೆ ಕಥೆ ಬಲದಿಂದ ಎಡಕ್ಕೆ ಹೋಗುತ್ತೆ, ನಾವು ಅಕ್ಷರ ಓದೋದಕ್ಕೆ ಉಲ್ಟಾ. ಉತ್ತರದ ಕಥೆಗಳು ಹಾಗೇ ಇವೆ. ದಕ್ಷಿಣದ ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ, ಅಂದರೆ ಎಡದಿಂದ ಬಲಕ್ಕೆ. ಸ್ಟ್ರಿಪ್‌ನಲ್ಲಿ ಮೊದಲು ಮಾತಾಡೋನು ಎಡಕ್ಕೆ, ಅವನ ಗುಳ್ಳೆ ಮೇಲಕ್ಕೆ ಇರಬೇಕು ಅನ್ನೋ ನಿಯಮ ಯಾಕೆ ಅಂತ ಎರಡೂ ಕಡೆ ನಡೆದು ನೋಡಿದರೆ ಕಾಲಿಗೇ ಗೊತ್ತಾಗುತ್ತೆ. ಹಾಸನದವರಿಗೆ ಬೇಲೂರು ಹತ್ತಿರ, ಅಲ್ಲಿ ಮದನಿಕೆಯರ ತ್ರಿಭಂಗಿ (ಮೈ ಮೂರು ಕಡೆ ಬಾಗಿದ ನಿಲುವು) ನೋಡಿಕೊಂಡು ಚಲನೆಯ ಗೆರೆ ಅಭ್ಯಾಸ ಮಾಡಿಸಿ, ಒಬ್ಬೊಬ್ಬರಿಗೆ ಅರ್ಧ ನಿಮಿಷ, ಒಂದೇ ಗೆರೆ.

ಬಸ್‌ಸ್ಟ್ಯಾಂಡ್ ಡಿಟಿಪಿ

ಎಲ್ಲಾ ಆದ ಮೇಲೆ ಪ್ರಿಂಟಿಗೆ ಬರ್ತೀರಲ್ಲ, ಆಗಿನ ಗೋಳು ಈಗಲೇ ಕೇಳಿಸ್ಕೊಳ್ಳಿ. ಎಷ್ಟೋ ಪ್ರೆಸ್ಸಿನಲ್ಲಿ ಇನ್ನೂ ಪುಟ ಜೋಡಿಸೋ ಹಳೇ ತಂತ್ರಾಂಶ ಪೇಜ್‌ಮೇಕರ್, ಹಳೇ ನುಡಿ ಫಾಂಟು. ಪೇಜ್‌ಮೇಕರಿಗೆ ಯುನಿಕೋಡ್ (ಈಗಿನ ಕಂಪ್ಯೂಟರುಗಳ ಸಾಮಾನ್ಯ ಅಕ್ಷರ ಸಂಕೇತ) ಗೊತ್ತಿಲ್ಲ, ನೀವು ಕೊಟ್ಟ ಅಕ್ಷರ ಅಲ್ಲಿ ಪ್ರಶ್ನೆಚಿಹ್ನೆಯ ಸಾಲಾಗಿ ಬರುತ್ತೆ. ಅಕ್ಷರವನ್ನೆಲ್ಲ ಗೆರೆಯಾಗಿ ಪರಿವರ್ತಿಸಿ ಪಿಡಿಎಫ್ ಕೊಡಿ. ತಿದ್ದೋಕೆ ಆಗೋ ಮೂಲ ಫೈಲು ನಿಮ್ಮ ಹತ್ರ ಬೇರೆ ಇರಲಿ.

ಕಪ್ಪು ಗೆರೆ, ಅಕ್ಷರ ಎರಡೂ ಕಪ್ಪು ಶಾಯಿ 100, ಉಳಿದ ಮೂರು ಬಣ್ಣ ಸೊನ್ನೆ. ನಾಲ್ಕೂ ಬಣ್ಣ ಸೇರಿದ ಕಪ್ಪಾದರೆ ಪ್ಲೇಟು ಕೂದಲೆಳೆ ಸರಿದರೂ ಅಕ್ಷರದ ಸುತ್ತ ಕೆಂಪು ನೀಲಿ ನೆರಳು. ನ್ಯೂಸ್‌ಪ್ರಿಂಟಲ್ಲಿ ಶಾಯಿ ಹರಡುತ್ತೆ, ಬೂದು ಬಣ್ಣ ಪರದೆಯಲ್ಲಿ ಕಂಡದ್ದಕ್ಕಿಂತ ಕಪ್ಪಾಗುತ್ತೆ, ಮೊದಲೇ ತೆಳು ಮಾಡಿ. ಅಂಚಿಗೆ ತಾಗೋ ಬಣ್ಣ ಇದ್ದರೆ ಸುತ್ತ 3 ಮಿಲಿಮೀಟರ್ ಹೆಚ್ಚು ಬಿಡಿ.

ಹೇಮಾವತಿ ದಂಡೆ (ಹಾಸನ)

ಎಲ್ಲರಿಗೂ ಧನ್ಯವಾದ. ಬ್ಲೇರ್, ವಿಲಿಯಮ್ಸ್, ‘ಟೈಮಿಂಗ್’, ‘ಮೇಕಿಂಗ್ ಕಾಮಿಕ್ಸ್’, ಈ ನಾಲ್ಕು ತರಿಸ್ತೀವಿ. ಉಳಿದ ದುಡ್ಡಿಗೆ ಎರಡು ತೂತಿನ ಪಂಚ್, ಗಾಜಿನ ಹಲಗೆ. ಮಲ್ಲಿ ಮೇಡಂ ಬಾಯಿ ಪಟ್ಟಿಯನ್ನು ದೊಡ್ಡದಾಗಿ ಬರೆಸಿ ಗೋಡೆಗೆ ಅಂಟಿಸ್ತೀವಿ. ಒಂದೇ ಸಂದೇಹ: ಅರ್ಧ ನಿಮಿಷಕ್ಕೆ ಎಷ್ಟು ಚಿತ್ರ ಲೆಕ್ಕ ಹಾಕಲಿ?

ಅರಸೀಕೆರೆ ತೆಂಗು

ಎರಡು ಫ್ರೇಮಿಗೊಂದು ಅಂದರೆ 360. ಆದರೆ ಮಾತಾಡೋ ಶಾಟುಗಳಲ್ಲಿ ಮೈ ನಿಂತಿರುತ್ತೆ, ಬಾಯಿ ಮಾತ್ರ ಆಡುತ್ತೆ. ಏಳೆಂಟು ಬಾಯಿ ಬರೆದಿಟ್ಟುಕೊಂಡು ಅವನ್ನೇ ತಿರುಗಿಸಿ ಹಾಕಿ. ಕಣ್ಣು ಮಿಟುಕಿಸೋಕೆ ಮುಚ್ಚೋದು 2 ಫ್ರೇಮ್, ನಿಲ್ಲೋದು 2, ತೆರೆಯೋದು 3. ಹೀಗೆ ಮಾಡಿದರೆ ನಿಜವಾಗಿ ಹೊಸದಾಗಿ ಬರೆಯಬೇಕಾದ್ದು 120-150 ಚಿತ್ರ, 20 ಜನಕ್ಕೆ ತಲೆಗೆ ಆರರಿಂದ ಎಂಟು. ಒಂದೇ ಪಾತ್ರವನ್ನು 20 ಕೈ ಬರೆದರೆ 20 ಮುಖ ಆಗುತ್ತೆ. ಶುರುವಿನಲ್ಲೇ ಎದುರು, ಪಕ್ಕ, ಹಿಂದೆ ಮೂರು ಕಡೆಯ ಮಾದರಿ ಹಾಳೆ ಮಾಡಿ, ಮೈ ಎಷ್ಟು ತಲೆ ಎತ್ತರ ಅಂತ ಗೆರೆ ಎಳೆದು, ಎಲ್ಲರ ಗಾಜಿನ ಕೆಳಗೂ ಒಂದೊಂದು ಪ್ರತಿ ಇಡಿಸಿ.